ಗಣಿತಸಾರಸಂಗ್ರಹದ ವಿನೋದಪ್ರಶ್ನೆಗಳು: ಓಲೆಗರಿಯಿಂದ ಜನಬಳಕೆಗೆ

ಜೈನ ವಾಙ್ಮಯದಲ್ಲಿ ಗಣಿತಕ್ಕೆ ಸಂದಿರುವ ಸ್ಥಾನವನ್ನು ವಿದ್ವಾಂಸರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲೋಕದ ಪ್ರಮಾಣ, ಕಾಲದ ವಿಭಾಗ, ಕರ್ಮಪ್ರಕೃತಿಗಳ ಎಣಿಕೆ ಇವು ಯಾವುವೂ ಗಣಿತದ ಆಸರೆಯಿಲ್ಲದೆ ನಿಲ್ಲಲಾರವು. ಆದುದರಿಂದ ಜೈನಗಣಿತವೆಂದೊಡನೆ ತಿಲೋಯಪಣ್ಣತ್ತಿ, ಧವಲಾ ಟೀಕೆ, ತ್ರಿಲೋಕಸಾರಗಳು ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಇದೇ ಪರಂಪರೆಯಲ್ಲಿ, ಇದೇ ಕನ್ನಡ ನಾಡಿನಲ್ಲಿ, ಗಣಿತವನ್ನು ವಿನೋದದ ಮೂಲಕ ಕಲಿಸಿದ ಇನ್ನೊಂದು ಧಾರೆಯೂ ಹರಿದುಬಂದಿದೆ. ಅಲ್ಲಿ ರಾಜಕುಮಾರರು ಮಾವಿನಹಣ್ಣು ಹಂಚಿಕೊಳ್ಳುತ್ತಾರೆ. ಕಾಡಿನಲ್ಲಿ ಒಂಟೆಗಳು ಚದುರುತ್ತವೆ. ಮುತ್ತಿನ ಹಾರ ಹರಿದು ಬೀಳುತ್ತದೆ. ಮೂವರು ವರ್ತಕರು ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಕಂಡು ಬಾಯಿಗೆ ಬಂದಂತೆ ಲೆಕ್ಕ ಹೇಳುತ್ತಾರೆ. ಈ ಭಾಗವು ಪಂಡಿತರ ವಲಯದಲ್ಲಿ ಬರಿಯ ಉದಾಹರಣೆಯೆಂದು ಪಕ್ಕಕ್ಕೆ ಸರಿದಿದೆ. ಹೊರಗಿನ ಲೋಕದಲ್ಲಾದರೋ ಕರ್ತೃವಿನ ಹೆಸರನ್ನು ಕಳೆದುಕೊಂಡು ಪತ್ರಿಕೆಗಳ ಮೂಲೆಯ ಒಗಟಾಗಿ ಉಳಿದಿದೆ. ಈ ಎರಡು ಉಪೇಕ್ಷೆಗಳಿಂದಲೂ ನಷ್ಟವಾಗಿರುವುದು ಗ್ರಂಥಕ್ಕೇ. ಆ ಪ್ರಶ್ನೆಗಳ ಸ್ವರೂಪವೇನು, ಹಸ್ತಪ್ರತಿಗಳ ಅಭ್ಯಾಸಿಗೆ ಅವುಗಳಿಂದ ಒದಗುವ ಸಹಾಯವೇನು, ಬೆಂಗಳೂರಿನ ಹೊರವಲಯದ ಸಿಂಗಸಂದ್ರದಂತಹ ಊರಿನ ಇಂದಿನ ಮಕ್ಕಳ ಬಳಿಗೆ ಅವನ್ನು ಒಯ್ಯುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದವರು. ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಆತನ ಆಳ್ವಿಕೆ 814ರಿಂದ 878ರವರೆಗೆ ನಡೆದುದರಿಂದ ಗ್ರಂಥವನ್ನು ಸುಮಾರು 850ಕ್ಕೆ ಇರಿಸುವುದು ವಾಡಿಕೆ. ಸಂಜ್ಞೆಗಳಿಂದ ಮೊದಲಾಗಿ ಛಾಯಾವ್ಯವಹಾರದವರೆಗೆ ಒಂಬತ್ತು ಅಧಿಕಾರಗಳಿವೆ. ಶ್ಲೋಕಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಇದಕ್ಕೆ ಮುಂಚಿನ ಗಣಿತಗ್ರಂಥಗಳಲ್ಲಿ ಗಣಿತವು ಜ್ಯೋತಿಷದ ಒಂದು ಅಧ್ಯಾಯವಾಗಿ ಬರುವುದೇ ಹೆಚ್ಚು. ಇಲ್ಲಿ ಅದು ಸ್ವತಂತ್ರ ಶಾಸ್ತ್ರ. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣಗಳಲ್ಲೆಲ್ಲ ಗಣಿತಕ್ಕೆ ಬೆಲೆಯುಂಟೆಂದು ಆಚಾರ್ಯರು ಮೊದಲಲ್ಲೇ ಹೇಳಿಬಿಡುತ್ತಾರೆ. ಅಡುಗೆಯ ಹೆಸರು ಆ ಸಾಲಿನಲ್ಲಿ ಸೇರಿರುವುದನ್ನು ಗಮನಿಸಬೇಕು. ಅಡುಗೆಮನೆಯನ್ನು ಮರೆಯದ ಶಾಸ್ತ್ರಕಾರರು ಮಕ್ಕಳನ್ನು ಮರೆಯುವವರಲ್ಲ.

ಮಾವಿನಹಣ್ಣಿನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳಬಹುದು. ಹಣ್ಣಿನ ರಾಶಿಯಿಂದ ಅರಸನು ಆರನೆಯ ಒಂದು ಭಾಗವನ್ನು ತೆಗೆದುಕೊಂಡನು. ಉಳಿದುದರಲ್ಲಿ ಐದನೆಯ ಒಂದು ಭಾಗವನ್ನು ರಾಣಿಯು ತೆಗೆದುಕೊಂಡಳು. ಮೂವರು ಹಿರಿಯ ರಾಜಕುಮಾರರು ತಮ್ಮ ಪಾಲಿಗೆ ಉಳಿದುದರಲ್ಲಿ ಕ್ರಮವಾಗಿ ಕಾಲು, ಮೂರನೆಯ ಒಂದು, ಅರ್ಧ ಭಾಗಗಳನ್ನು ಪಡೆದರು. ಕೊನೆಗೆ ಕಿರಿಯ ಮಗುವಿಗೆ ಉಳಿದುದು ಮೂರು ಹಣ್ಣು. ಒಟ್ಟು ಹಣ್ಣುಗಳೆಷ್ಟು? ಉತ್ತರ 18. ಲೆಕ್ಕ ಬಿಡಿಸಿದ ಮೇಲೆ ಒಂದು ಬೆರಗು ಕಾದಿರುತ್ತದೆ. ಆರನೆಯ ಒಂದು, ಐದನೆಯ ಒಂದು, ಅರ್ಧ ಎಂದು ಪಾಲುಗಳು ಬೇರೆಬೇರೆಯಾಗಿ ಕಂಡರೂ ಪ್ರತಿಯೊಬ್ಬರ ಕೈಗೆ ಬಂದುದು ಮೂರೇ ಹಣ್ಣು. ಅರಸನಿಗೂ ಮಗುವಿಗೂ ಸಮಪಾಲು. ಭಿನ್ನರಾಶಿಗೆ ಹೆದರುವ ಹುಡುಗನು ಈ ಉತ್ತರವನ್ನು ಕಂಡು ನಗುತ್ತಾನೆ; ನಕ್ಕವನು ಉಳಿದುದರ ಮೇಲಿನ ಭಾಗವೆಂದರೇನು ಎಂಬುದನ್ನು ಮರೆಯುವುದಿಲ್ಲ. ಪ್ರಕೀರ್ಣಕ ವ್ಯವಹಾರದಲ್ಲಿ ಈ ಬಗೆಗೆ ಶೇಷಜಾತಿ ಎಂದು ಹೆಸರು.

ಅದೇ ಪ್ರಕರಣದ ಮೂಲಜಾತಿಗೆ ಒಂಟೆಗಳ ಲೆಕ್ಕ ಸೇರುತ್ತದೆ. ಒಂಟೆಗಳ ಹಿಂಡಿನಲ್ಲಿ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು. ಮೂರೈದಲ 15 ಒಂಟೆಗಳು ನದಿಯ ದಡದಲ್ಲಿ ಉಳಿದವು. ಹಿಂಡು 36ರದು. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ಇಂದಿನ ಶಾಲೆಯಲ್ಲಿ ಇದನ್ನು ವರ್ಗಸಮೀಕರಣವೆನ್ನುತ್ತಾರೆ. ಅಲ್ಲಿ ಅಕ್ಷರಗಳು ಬರುತ್ತವೆ, ಒಂಟೆಗಳು ಬರುವುದಿಲ್ಲ. ಪಠ್ಯಪುಸ್ತಕ ಬರೆಯುವವರು ಒಂಟೆಗಳನ್ನು ಓಡಿಸಿ ಏನನ್ನು ಗಳಿಸಿದರೋ ತಿಳಿಯದು.

ಮುತ್ತಿನ ಹಾರದ ಪ್ರಶ್ನೆಯು ಹೆಚ್ಚು ಪ್ರಸಿದ್ಧವಾದುದು. ವಸಂತಮಾಸದ ಒಂದು ಇರುಳು, ಉಪ್ಪರಿಗೆಯ ಮೇಲೆ ದಂಪತಿಗಳ ಪ್ರಣಯಕಲಹದಲ್ಲಿ ತರುಣಿಯ ಹಾರ ಹರಿಯಿತು. ಮುತ್ತುಗಳಲ್ಲಿ ಮೂರನೆಯ ಒಂದು ಭಾಗವನ್ನು ದಾಸಿಯು ಆಯ್ದುಕೊಂಡಳು. ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬಿದ್ದಿತು. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಬಾರಿ ಅರ್ಧರ್ಧವಾಗಿ ಸುತ್ತಲೂ ಚೆಲ್ಲಿಹೋಯಿತು. ಕೊನೆಗೆ ದಾರದಲ್ಲಿ ಉಳಿದ ಮುತ್ತುಗಳು 1161. ಜಿನಸ್ತುತಿಯಿಂದ ಮೊದಲಾಗುವ ಗ್ರಂಥದಲ್ಲಿ ಇಂತಹ ಶೃಂಗಾರವೇ ಎಂದು ಕೆಲವರು ಸಂಕೋಚಪಡುತ್ತಾರೆ. ಪಂಪ ಪೊನ್ನರನ್ನು ಓದಿದವರಿಗೆ ಈ ಸಂಕೋಚಕ್ಕೆ ಕಾರಣವಿಲ್ಲ. ಲೆಕ್ಕದ ಒಡಲಿನಲ್ಲಿರುವುದನ್ನು ನೋಡಬೇಕು. ಮೂರನೆಯ ಒಂದು ಮತ್ತು ಆರನೆಯ ಒಂದು ಸೇರಿ ಅರ್ಧವಾಗುತ್ತದೆ. ಅಂದರೆ ಅದೂ ಒಂದು ಅರ್ಧೀಕರಣವೇ, ವೇಷ ಮರೆಸಿಕೊಂಡು ಬಂದಿದೆ. ಅದರ ಮುಂದೆ ಆರು ಅರ್ಧೀಕರಣಗಳು. ಒಟ್ಟು ಏಳು. ಎರಡನ್ನು ಏಳು ಬಾರಿ ಗುಣಿಸಿದರೆ 128. 1161ನ್ನು 128ರಿಂದ ಗುಣಿಸಿದರೆ 148608. ಅಷ್ಟು ಮುತ್ತುಗಳು.

ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಆ ಎಣಿಕೆಗೆ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಬಳಸುವ ಪರಿಭಾಷೆ ಅರ್ಧಚ್ಛೇದ. 128ರ ಅರ್ಧಚ್ಛೇದ ಏಳು. ಪಶ್ಚಿಮದ ಗಣಿತದಲ್ಲಿ 17ನೆಯ ಶತಮಾನದಲ್ಲಿ ರೂಪುಗೊಂಡ ಲಾಗರಿದಮ್ ಎಂಬುದರ, ಎರಡನ್ನು ಆಧಾರವಾಗಿ ಇಟ್ಟುಕೊಂಡ ರೂಪವಿದು. ಧವಲೆಯೂ ಗಣಿತಸಾರಸಂಗ್ರಹವೂ ರಾಷ್ಟ್ರಕೂಟರ ಯುಗದ ಕೃತಿಗಳೇ. ಒಂದರಲ್ಲಿ ಜೀವರಾಶಿಯ ಅಳತೆಗೆ ಬಳಕೆಯಾದ ಕಲ್ಪನೆ ಇನ್ನೊಂದರಲ್ಲಿ ಹರಿದ ಹಾರದ ಮುತ್ತುಗಳಲ್ಲಿ ಉರುಳಾಡುತ್ತಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳನ್ನು ಓದಲಿರುವ ವಿದ್ಯಾರ್ಥಿಗೆ ಅರ್ಧಚ್ಛೇದವನ್ನು ತಿಳಿಸಲು ಈ ಹಾರಕ್ಕಿಂತ ಸುಲಭವಾದ ಸೋಪಾನ ಇನ್ನೊಂದಿಲ್ಲ.

ಸಂಯೋಗಗಣಿತದಲ್ಲಿಯೂ ಇದೇ ರೀತಿ. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳ ಸಂಖ್ಯೆಗೆ ಸಾಮಾನ್ಯ ಸೂತ್ರವನ್ನು ಆಚಾರ್ಯರು ಮಿಶ್ರಕ ವ್ಯವಹಾರದಲ್ಲಿ ಕೊಟ್ಟಿದ್ದಾರೆ. ಅದಕ್ಕೆ ಅವರ ಉದಾಹರಣೆಗಳು ಆರು ರಸಗಳ ಬೆರಕೆ ಮತ್ತು ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತುಗಳ ಹಾರ. ಆರು ರಸಗಳನ್ನು ಒಂದೊಂದಾಗಿ 6, ಎರಡೆರಡಾಗಿ 15, ಮೂರುಮೂರಾಗಿ 20, ನಾಲ್ಕಾಗಿ 15, ಐದಾಗಿ 6, ಎಲ್ಲವನ್ನೂ ಸೇರಿಸಿ 1, ಒಟ್ಟು 63 ಬಗೆಯಲ್ಲಿ ಬೆರಸಬಹುದು. ಇದೇ ಸೂತ್ರವನ್ನು ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರಕ್ಕೆ ಹಚ್ಚಿದರೆ ಒಂದೊಂದಾಗಿ 3, ಎರಡೆರಡಾಗಿ 3, ಮೂರೂ ಸೇರಿ 1, ಒಟ್ಟು 7. ಭಂಗಗಳು ಏಕೆ ಏಳೇ, ಎಂಟೇಕಾಗಬಾರದು ಎಂದು ಕೇಳುವ ಬಾಲಕನಿಗೆ ಉಪ್ಪು ಹುಳಿ ಖಾರಗಳಿಂದಲೇ ಉತ್ತರ ಹೇಳಬಹುದು.

ಇನ್ನು ಹಕ್ಕಿಗಳ ಪ್ರಶ್ನೆ. ಪಾರಿವಾಳಗಳು 3 ಪಣಕ್ಕೆ 5, ಸಾರಸಗಳು 5 ಪಣಕ್ಕೆ 7, ಹಂಸಗಳು 7 ಪಣಕ್ಕೆ 9, ನವಿಲುಗಳು 9 ಪಣಕ್ಕೆ 3. ನೂರು ಪಣಕ್ಕೆ ನೂರು ಹಕ್ಕಿಗಳನ್ನು ತರಬೇಕು. ಚೀನದ ಝಾಂಗ್ ಚಿಯುಜಿಯಾನ್ ಎಂಬ ಗಣಿತಜ್ಞನು 5ನೆಯ ಶತಮಾನದಲ್ಲಿ ನೂರು ಕೋಳಿಗಳ ಇಂತಹದೇ ಪ್ರಶ್ನೆಯನ್ನು ಕೇಳಿದ್ದನು. ಯೂರೋಪಿನಲ್ಲಿ 804ರಲ್ಲಿ ತೀರಿಕೊಂಡ ಆಲ್ಕ್ವಿನನದೆಂದು ಹೇಳಲಾಗುವ ಒಗಟುಗಳ ಸಂಗ್ರಹದಲ್ಲಿಯೂ ನೂರರ ಲೆಕ್ಕಗಳಿವೆ. ಪ್ರಶ್ನೆಗಳು ವರ್ತಕರ ಸರಕಿನೊಂದಿಗೆ ದೇಶದಿಂದ ದೇಶಕ್ಕೆ ನಡೆದವೋ, ಅಲ್ಲಲ್ಲೇ ಹುಟ್ಟಿದವೋ, ಅದು ಬೇರೆಯ ಚರ್ಚೆ. ಮಹಾವೀರಾಚಾರ್ಯರ ಪ್ರಶ್ನೆಯಲ್ಲಿ ಒಂದು ವಿಶೇಷವುಂಟು. ಹಕ್ಕಿಗಳನ್ನು ತರಿಸುವುದು ರಾಜಕುಮಾರನ ವಿನೋದಕ್ಕಾಗಿ. ಅಡುಗೆಮನೆಯ ಕಡೆಗೆ ಅವು ಹೋಗುವುದಿಲ್ಲ. ಜೈನಾಚಾರ್ಯರ ಲೇಖನಿಯ ಗುರುತು ಇಂತಹ ಎಡೆಗಳಲ್ಲಿ ಕಾಣುತ್ತದೆ.

ಈ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ಎಂದರೆ ಬೆಲೆ 9, 20, 35, 36; ಎರಡೂ ನೂರೇ. 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲು ಎಂದರೂ ನೂರೇ. ಹೇಳಿದ ಗುಂಪುಗಳಲ್ಲಿಯೇ ಕೊಳ್ಳಬೇಕು, ನಾಲ್ಕು ಜಾತಿಯೂ ಇರಬೇಕು ಎಂಬ ಕಟ್ಟಿನಲ್ಲಿ ಎಣಿಸಿದರೆ ಉತ್ತರಗಳು ಆರು. ಪತ್ರಿಕೆಗಳಲ್ಲಿ ಇಂತಹ ಪ್ರಶ್ನೆಯನ್ನು ಅಚ್ಚು ಮಾಡುವವರು ಕೆಳಗೆ ತಲೆಕೆಳಗಾಗಿ ಒಂದೇ ಉತ್ತರವನ್ನು ಕೊಟ್ಟು ಮುಗಿಸುತ್ತಾರೆ. ಬೇರೆ ಉತ್ತರವನ್ನು ಕಂಡ ಓದುಗನು ತಾನೇ ತಪ್ಪಿದೆನೆಂದು ಭಾವಿಸುತ್ತಾನೆ. ಶಾಸ್ತ್ರದಿಂದ ಕಿತ್ತ ಒಗಟಿಗೆ ಒದಗುವ ಹಾನಿಗಳಲ್ಲಿ ಇದೊಂದು. ಮೂಲದಲ್ಲಿ ಮೊದಲು ಸೂತ್ರವಿರುತ್ತದೆ, ಆಮೇಲೆ ಉದಾಹರಣೆ. ಸೂತ್ರವನ್ನು ತಿಳಿದವನಿಗೆ ಉತ್ತರಗಳು ಹಲವೆಂಬುದೂ ತಿಳಿಯುತ್ತದೆ.

ವರ್ತಕರ ಪ್ರಶ್ನೆಯೂ ಅಂತಹದೇ. ಮೂವರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಇದು ನನಗೆ ದೊರೆತರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳಿದನು. ಕೈಯಲ್ಲಿದ್ದುದು 1, 3, 5, ಚೀಲದಲ್ಲಿದ್ದುದು 15. ಇವೆಲ್ಲವನ್ನೂ ಇಮ್ಮಡಿ ಮುಮ್ಮಡಿ ಮಾಡಿದರೂ ಮಾತು ನಿಲ್ಲುತ್ತದೆ.

ಗ್ರಂಥದ ಎರಡನೆಯ ಅಧಿಕಾರದಲ್ಲಿ ಪ್ರತ್ಯುತ್ಪನ್ನ, ಅಂದರೆ ಗುಣಾಕಾರ, ವಿಷಯವಾಗಿರುವಲ್ಲಿ ಇನ್ನೊಂದು ಬಗೆಯ ವಿನೋದವಿದೆ. ಗುಣಿಸಿದ ಫಲವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ, ಕೊರಳಿನ ಹಾರದಂತೆ ಎರಡೂ ಕಡೆಗೆ ಸಮನಾಗಿ ಇಳಿಬೀಳುತ್ತದೆ. ಆಚಾರ್ಯರು ಇಂತಹ ಸಂಖ್ಯೆಗಳನ್ನು ಕಂಠಿಕೆ, ಕಂಠಾಭರಣವೆಂದು ಕರೆದಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಈ ಕೊನೆಯದನ್ನು, ಎಂಟನ್ನು ಬಿಟ್ಟು ಬರೆದ ಚಮತ್ಕಾರವೆಂದು, ಇಂದಿಗೂ ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಅದು ಮಾನ್ಯಖೇಟದ ಚಕ್ರವರ್ತಿಯ ಕಾಲದಲ್ಲಿಯೇ ಗ್ರಂಥಸ್ಥವಾಗಿತ್ತೆಂಬುದನ್ನು ತೋರಿಸುವವರಿಗೂ ತಿಳಿಯದು, ನೋಡುವವರಿಗೂ ತಿಳಿಯದು.

ಎಲ್ಲಕ್ಕಿಂತ ಚೆಲುವಾದುದು 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ಮೂಲದಲ್ಲಿ ಇದರ ವರ್ಣನೆಯಿದೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆರು ಒಂದುಗಳ ವರ್ಗವೇ ಏರಿಳಿಯುವ ಈ ಹಾರ. ಹಾರವನ್ನು ಕಟ್ಟಿದವರು ಎಣಿಕೆಯನ್ನು ಎಲ್ಲಿ ಕತ್ತರಿಸಿದರೆ ಎರಡು ಅಪರಿಚಿತ ಸಂಖ್ಯೆಗಳಾಗುವುವೆಂದು ಬಲ್ಲವರಾಗಿದ್ದರು.

ಹಸ್ತಪ್ರತಿಗಳ ಅಭ್ಯಾಸಿಗೆ ಈ ಹಾರಗಳಿಂದ ಒಂದು ಪ್ರಯೋಜನವುಂಟು. ಅದನ್ನು ಎಷ್ಟು ಹೇಳಿದರೂ ಹೆಚ್ಚಾಗದು. ಕಾವ್ಯದಲ್ಲಿ ಒಂದು ಪದ ಕೆಟ್ಟರೆ ಸಂಪಾದಕನು ಛಂದಸ್ಸನ್ನೂ ಅರ್ಥವನ್ನೂ ನೋಡಿ ಊಹಿಸಬೇಕು. ಊಹೆಗೆ ಎದುರೂಹೆ ಇದ್ದೇ ಇರುತ್ತದೆ. ಇಲ್ಲಿ ಗುಣಾಕಾರವೇ ಸಾಕ್ಷಿ. ಕನ್ನಡದ ೬ ಮತ್ತು ೯ ಎಂಬ ಅಂಕಿಗಳು ಒಂದನ್ನೊಂದು ಹೋಲುವಂತಹವು. ಗರಿಗೆ ಮಸಿ ಸರಿಯಾಗಿ ಹಿಡಿಯದಿದ್ದರೆ ಒಂದು ಇನ್ನೊಂದಾಗುವುದು ಅಪರೂಪವಲ್ಲ. 27994681ರಲ್ಲಿರುವ 6ನ್ನು ಲಿಪಿಕಾರನು 9 ಎಂದು ತಿಳಿದು 27994981 ಎಂದು ಬರೆದನೆಂದು ಇಟ್ಟುಕೊಳ್ಳೋಣ. ಅದನ್ನು 441ರಿಂದ ಗುಣಿಸಿದರೆ 12345786621. ಹಾರ ನಡುವೆಯೇ ಹರಿಯಿತು. ಹರಿದ ಎಡೆಯಿಂದ ತಪ್ಪಿನ ಎಡೆಯನ್ನು ಹಿಡಿಯಬಹುದು. ವಿನೋದವೆಂದು ಕಾಣುವ ಸಮತೆಯೇ ಪಾಠವನ್ನು ಕಾಯುವ ಕಾವಲುಗಾರನಾಗಿದೆ.

ಸಂಖ್ಯೆಗಳು ಅಂಕಿಗಳಲ್ಲಿ ಇರದೆ ಪದಗಳಲ್ಲಿ ಇರುವಾಗ ಈ ಕಾವಲು ಇನ್ನೂ ಅಗತ್ಯ. ಮಹಾವೀರಾಚಾರ್ಯರ ಸಂಖ್ಯಾಸಂಜ್ಞೆಗಳಲ್ಲಿ ಜಿನಾಗಮದ ಪರಿಭಾಷೆ ಹಾಸುಹೊಕ್ಕಾಗಿದೆ. ಕರ್ಮವೆಂದರೆ ಎಂಟು, ಕಷಾಯವೆಂದರೆ ನಾಲ್ಕು, ದ್ರವ್ಯವೆಂದರೆ ಆರು, ಪದಾರ್ಥವೆಂದರೆ ಒಂಬತ್ತು, ತತ್ತ್ವವೆಂದರೆ ಏಳು, ರತ್ನವೆಂದರೆ ಮೂರು. ಸಾಂಖ್ಯರ ತತ್ತ್ವಗಳು ಇಪ್ಪತ್ತೈದು. ಲೋಕದ ಬಳಕೆಯಲ್ಲಿ ರತ್ನಗಳು ಒಂಬತ್ತು. ಉದಾಹರಣೆಗೆ 73 ಎಂಬ ಗುಣಕವನ್ನು ರತ್ನ, ತತ್ತ್ವ ಎಂಬ ಎರಡು ಪದಗಳಿಂದ ಸೂಚಿಸಬಹುದು. ಅಂಕಗಳು ಎಡಕ್ಕೆ ನಡೆಯುವ ನಿಯಮದಂತೆ ಮೊದಲ ಪದ ಬಿಡಿಯ ಸ್ಥಾನಕ್ಕೆ, ಮುಂದಿನದು ಹತ್ತರ ಸ್ಥಾನಕ್ಕೆ. ರತ್ನತ್ರಯವನ್ನೂ ಸಪ್ತತತ್ತ್ವಗಳನ್ನೂ ಅರಿಯದ ಅನುವಾದಕನು ಇದನ್ನು 259 ಎಂದು ಓದಿದರೆ 152207ರ ಗುಣಲಬ್ಧ 39421613 ಆಗುತ್ತದೆ. ಎಂಟು ಒಂದುಗಳ ಹಾರ ಕಾಣೆಯಾಗುತ್ತದೆ. ಗಣಿತ ಬಲ್ಲವನು ಸಿದ್ಧಾಂತವನ್ನೂ ಸಿದ್ಧಾಂತ ಬಲ್ಲವನು ಗಣಿತವನ್ನೂ ಕೇಳಿ ತಿಳಿಯಬೇಕಾದ ಎಡೆ ಇದು. ಒಗಟುಗಳನ್ನು ಜನಪ್ರಿಯಗೊಳಿಸುವ ಕೆಲಸವನ್ನು ಪಂಡಿತರು ಪೂರ್ತಿಯಾಗಿ ಇತರರಿಗೆ ಬಿಟ್ಟುಕೊಡಬಾರದೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಗ್ರಂಥವು ಆಧುನಿಕರ ಕೈಗೆ ಬಂದುದು 1912ರಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರೂ ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಹೊಣೆ ಹೊತ್ತವರೂ ಆಗಿದ್ದ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜಿನ್ ಸ್ಮಿತ್ ಮುನ್ನುಡಿ ಬರೆದರು. ಆ ಸಂಪಾದನೆಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಡವಾಲೆಗಳಿದ್ದವು. ಮೂಡಬಿದಿರೆಯಿಂದ ದೊರೆತ ಪ್ರತಿಯೂ ಇದ್ದಿತು. ವಲ್ಲಭನೆಂಬವನ ಕನ್ನಡ ಟೀಕೆಯೂ ನೆರವಾಯಿತು. 1963ರಲ್ಲಿ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದವು. ಕನ್ನಡ ಲಿಪಿಯಲ್ಲಿ ಉಳಿದುಬಂದ ಗ್ರಂಥವು ಕನ್ನಡ ಮಾತಿನ ಪೂರ್ಣ ಅನುವಾದಕ್ಕಾಗಿ ಇಷ್ಟು ಕಾಲ ಕಾಯಬೇಕಾಯಿತು.

ಜನರ ಭಾಷೆಗೆ ಗಣಿತವನ್ನು ತರುವ ಪ್ರಯತ್ನ ಆಧುನಿಕರಿಂದಲೇ ಮೊದಲಾಯಿತೆಂದು ಹೇಳುವಂತಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ಇಳಿಸಿದನು. ಕನ್ನಡದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದವನೆಂದು ಎಣಿಸಲಾಗುವ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ, ಲೀಲಾವತಿ ಮೊದಲಾದವನ್ನು ಬರೆದನು. ಸೂತ್ರವನ್ನು ಪದ್ಯದಲ್ಲಿ ಹೇಳಿ, ಕನ್ನಡದಲ್ಲೇ ಟೀಕೆಯನ್ನೂ ಉದಾಹರಣೆಯನ್ನೂ ಕೊಡುವುದು ಅವನ ರೀತಿ. ಅವನ ಬಿರುದುಗಳಲ್ಲಿ ಗಣಿತವಿಲಾಸ ಎಂಬುದೊಂದು. ಗಣಿತವು ವಿಲಾಸವಾಗಬಹುದೆಂದು ಹನ್ನೆರಡನೆಯ ಶತಮಾನದ ಕನ್ನಡಿಗರು ಒಪ್ಪಿದ್ದರೆನ್ನಲು ಬೇರೆ ಆಧಾರ ಬೇಕಿಲ್ಲ.

ಯಂತ್ರಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಖಜುರಾಹೋದ ಪಾರ್ಶ್ವನಾಥ ಜಿನಾಲಯದಲ್ಲಿ ಕೊರೆದಿರುವ ಚೌತೀಸಾ ಯಂತ್ರದ ಸಾಲುಗಳು ಇವು: 7, 12, 1, 14; ಅದರ ಕೆಳಗೆ 2, 13, 8, 11; ಅದರ ಕೆಳಗೆ 16, 3, 10, 5; ಕೊನೆಯಲ್ಲಿ 9, 6, 15, 4. ಅಡ್ಡಸಾಲು, ಉದ್ದಸಾಲು, ಕರ್ಣ ಯಾವುದನ್ನು ಕೂಡಿದರೂ 34. ಮೂಲೆಯ ನಾಲ್ಕು ಮನೆಗಳನ್ನು ಕೂಡಿದರೂ, ಪಕ್ಕಪಕ್ಕದ ಯಾವ ನಾಲ್ಕು ಮನೆಗಳ ಚೌಕವನ್ನು ಕೂಡಿದರೂ 34. 14ನೆಯ ಶತಮಾನದ ಜೈನ ವಿದ್ವಾಂಸ ಠಕ್ಕುರ ಫೇರು, ದೆಹಲಿಯ ಟಂಕಸಾಲೆಯ ಅಧಿಕಾರಿಯಾಗಿದ್ದವನು, ತನ್ನ ಗಣಿತಸಾರದಲ್ಲಿ ಇಂತಹ ಚೌಕಗಳನ್ನು ಕಟ್ಟುವ ವಿಧಾನವನ್ನೇ ಹೇಳಿದ್ದಾನೆ. ದಿನಪತ್ರಿಕೆಯ ಸುಡೊಕು ಚೌಕವನ್ನು ತುಂಬುವವರು ಬಸದಿಯ ಯಂತ್ರಕ್ಕೆ ಕೈಮುಗಿದು ಮುಂದೆ ಹೋಗುತ್ತಾರೆ. ಕೈಮುಗಿಯುವುದು ಸರಿ, ಒಮ್ಮೆ ಕೂಡಿಯೂ ನೋಡಬೇಕು.

ಅಂಕಚಕ್ರಗಳ ಮಾತು ಬಂದಾಗ ಸಿರಿಭೂವಲಯವನ್ನು ಬಿಡಲಾಗದು. 27 ಅಡ್ಡಸಾಲು, 27 ಉದ್ದಸಾಲು, ಒಟ್ಟು 729 ಮನೆಗಳ ಚಕ್ರದಲ್ಲಿ 1ರಿಂದ 64ರವರೆಗಿನ ಅಂಕಗಳನ್ನು ಅಕ್ಷರಗಳಾಗಿ ಓದುವ ಈ ಕೃತಿ ಎಲ್ಲಪ್ಪಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಸಾರ್ವಜನಿಕರ ಕುತೂಹಲವೆಲ್ಲ ಅದರ ಕಡೆಗೇ ಹರಿಯುತ್ತದೆ. ಕಾಲವೂ ಕರ್ತೃವೂ ಪಾಠವೂ ಸ್ಥಿರವಾಗಿರುವ ಗಣಿತಸಾರಸಂಗ್ರಹವು ಮೂಲೆಯಲ್ಲಿ ಉಳಿಯುತ್ತದೆ. ಅದ್ಭುತದ ಮೇಲಿನ ಪ್ರೀತಿ ತಪ್ಪಲ್ಲ. ನಿಸ್ಸಂದೇಹವಾದ ಅದ್ಭುತ ಕೈಯಲ್ಲಿರುವಾಗ ಚರ್ಚಾಸ್ಪದವಾದುದಕ್ಕೇ ಮೊದಲ ಮಣೆ ಹಾಕುವುದು ವಿವೇಕವಲ್ಲ.

ಹೊರನಾಡುಗಳಲ್ಲಿ ವಿನೋದಗಣಿತಕ್ಕೆ ಗೌರವದ ಸ್ಥಾನ ದೊರೆತಿದೆ. ಫ್ರಾನ್ಸಿನ ಬಾಶೆ 1612ರಲ್ಲಿಯೇ ಅಂತಹ ಪ್ರಶ್ನೆಗಳ ಪುಸ್ತಕವನ್ನು ಪ್ರಕಟಿಸಿದನು. ಮಾರ್ಟಿನ್ ಗಾರ್ಡ್ನರ್ 1956ರ ಕೊನೆಯಿಂದ ಸುಮಾರು ಕಾಲು ಶತಮಾನ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಿಂದ ಗಣಿತಜ್ಞರನ್ನೇ ತಯಾರಿಸಿದನೆಂದು ಹೇಳುವುದುಂಟು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಅವರ ಒಗಟಿನ ಪುಸ್ತಕಗಳು ಮನೆಮನೆಗೆ ಹೋದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆಯೂ ಕನ್ನಡದ ಮಕ್ಕಳಿಗಾಗಿ ವಿಜ್ಞಾನ ಗಣಿತಗಳನ್ನು ತಿಳಿಗನ್ನಡಕ್ಕೆ ತಂದಿತು. ಮಾಧ್ಯಮ ಸಿದ್ಧವಾಗಿದೆ, ಓದುಗರೂ ಸಿದ್ಧರಾಗಿದ್ದಾರೆ; ಶಾಸ್ತ್ರಭಂಡಾರಗಳಿಂದ ಸಾಮಗ್ರಿ ಹೊರಡುವುದೊಂದೇ ಬಾಕಿ.

ಸಾಮಗ್ರಿಯನ್ನು ಒಯ್ಯುವಾಗ ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ವಿವೇಕ ಬೇಕು. ಪಣವು ರೂಪಾಯಿಯಾಗಬಹುದು, ಘಳಿಗೆಯು ಗಂಟೆಯಾಗಬಹುದು. ಪ್ರಮಾಣಗಳನ್ನು ಕೆಡಿಸಬಾರದು, ಜಾತಿಯ ಹೆಸರನ್ನು, ಅಂದರೆ ಶೇಷ, ಮೂಲ ಎಂಬ ವಿಭಾಗವನ್ನು, ಬಿಡಬಾರದು, ಆಚಾರ್ಯರ ಹೆಸರನ್ನಂತೂ ಬಿಡಲೇಬಾರದು. ಸಿಂಗಸಂದ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಲ್ಲಿರುವ ಈ ಊರಿಗೆ 2025ರ ಆಗಸ್ಟ್ 10ರಂದು ಮೆಟ್ರೊ ರೈಲು ಬಂದಿತು. ಹತ್ತಿರದ ಹೊಂಗಸಂದ್ರ, ಬೊಮ್ಮಸಂದ್ರಗಳಂತೆ ಇದರ ಹೆಸರಿನ ಕೊನೆಯಲ್ಲಿಯೂ ಸಮುದ್ರವಿದೆ. ಕೆರೆಯನ್ನು ಸಮುದ್ರವೆಂದು ಕರೆಯುತ್ತಿದ್ದ ಶಾಸನಗಳ ಕಾಲದ ಬಳಕೆ ಸವೆದು ಸಂದ್ರವಾಗಿ ನಿಂತಿದೆ. ರೈಲಿನಲ್ಲಿ ಕುಳಿತು ಮೊಬೈಲಿನಲ್ಲಿ ಅಂಕಿಯಾಟ ಆಡುವ ತರುಣರಿಗೆ ನಿಲ್ದಾಣದ ಹೆಸರಿನಲ್ಲಿ ನೀರಿರುವುದು ಹೊಳೆಯುವುದಿಲ್ಲ.

ಗಣಿತಸಾರಸಂಗ್ರಹದ ಖಾತವ್ಯವಹಾರದಲ್ಲಿ ನಾಲೆಗಳಿಂದ ಬಾವಿಯನ್ನು ತುಂಬುವ ಲೆಕ್ಕವಿದೆ. ಅದನ್ನು ಸಿಂಗಸಂದ್ರದ ಮಕ್ಕಳಿಗೆ ಹೀಗೆ ಕೇಳಬಹುದು. ಕೆರೆಯೊಂದಕ್ಕೆ ನಾಲ್ಕು ಕಾಲುವೆಗಳು. ಮೊದಲನೆಯದೊಂದೇ ಹರಿದರೆ ಅರ್ಧ ದಿನದಲ್ಲಿ ಕೆರೆ ತುಂಬುತ್ತದೆ. ಎರಡನೆಯದರಿಂದ ದಿನದ ಮೂರನೆಯ ಒಂದು ಭಾಗದಲ್ಲಿ, ಮೂರನೆಯದರಿಂದ ಕಾಲು ದಿನದಲ್ಲಿ, ನಾಲ್ಕನೆಯದರಿಂದ ದಿನದ ಐದನೆಯ ಒಂದು ಭಾಗದಲ್ಲಿ. ನಾಲ್ಕನ್ನೂ ಒಟ್ಟಿಗೆ ತೆರೆದರೆ ಎಷ್ಟು ಹೊತ್ತು ಬೇಕು? ಕಾಲಗಳನ್ನು ಕೂಡಲು ಹೊರಟವನು ಎಡವುತ್ತಾನೆ. ಒಂದು ದಿನದಲ್ಲಿ ಮೊದಲನೆಯದು ಕೆರೆಯನ್ನು ಎರಡು ಬಾರಿ ತುಂಬುವುದು, ಉಳಿದವು ಮೂರು, ನಾಲ್ಕು, ಐದು ಬಾರಿ. ಒಟ್ಟು ಹದಿನಾಲ್ಕು ಬಾರಿ. ಆದುದರಿಂದ ಒಮ್ಮೆ ತುಂಬಲು ದಿನದ ಹದಿನಾಲ್ಕನೆಯ ಒಂದು ಭಾಗ ಸಾಕು. ಘಳಿಗೆಯ ಲೆಕ್ಕದಲ್ಲಿ ಅದು ನಾಲ್ಕು ಘಳಿಗೆ ಮತ್ತು ಏಳನೆಯ ಎರಡು ಭಾಗ. ಇಂದಿನ ಗಂಟೆಗಳಲ್ಲಿ ಹನ್ನೆರಡನ್ನು ಏಳರಿಂದ ಭಾಗಿಸಬೇಕು. ಮೊಬೈಲಿನಲ್ಲಿ ಭಾಗಿಸಿದರೆ ಕಾಣುವುದು 1.714285714285 ಎಂದು ಮುಗಿಯದೆ ಸಾಗುವ ಸಾಲು. ಆ ಸಾಲಿನಲ್ಲಿ ಸುತ್ತಿ ಸುತ್ತಿ ಬರುವ 142857 ಎಂಬ ಆರು ಅಂಕಿಗಳು, 142857143ನ್ನು 7ರಿಂದ ಗುಣಿಸಿ 1000000001 ಎಂಬ ಕಂಠಿಕೆಯನ್ನು ಆಚಾರ್ಯರು ಕಟ್ಟಿದಾಗ ಆರಿಸಿಕೊಂಡ ಆರು ಅಂಕಿಗಳೇ ಆಗಿವೆ.